ಎಂ37 ಹಾಟ್ ರಾಡ್ ಯಾಕೆ ಸೇಲ್ ಆಗ್ತಿಲ್ಲ ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ
ಸರ್, ಪೋಸ್ಟ್ ಪೂರ್ತಿ ಓದಿದೆ, ಫೋಟೋಗಳನ್ನೂ ನೋಡಿದೆ. 1953ರ ಡಾಡ್ಜ್ ಎಂ37, ಅಂದ್ರೆ ಅಮೆರಿಕ ಸೈನ್ಯದ ಹಳೇ ಟ್ರಕ್, ಅದರ ಆರು ಸಿಲಿಂಡರ್ ಎಂಜಿನ್ ಇಳಿಸಿ ಶೆವ್ರೊಲೆಯ 350 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್ ಮತ್ತೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದೀರ, ಗಾಡಿ ತಗ್ಗಿಸಿದೀರ, ಕ್ಯಾನ್ವಾಸ್ ಟಾಪ್ ಬದ್ಲು ಗಟ್ಟಿ ರೂಫ್ ಮಾಡ್ಸಿದೀರ. ಹೀಗೆ ಮಾರ್ಪಡಿಸಿದ ಹಳೇ ಗಾಡಿಗೇ ಹಾಟ್ ರಾಡ್ ಅನ್ನೋದು. ಮಿಲಿಟರಿ ಗಾಡಿ ಗುಂಪಲ್ಲಿ ಹಾಕಿದ್ರೆ ಬೈತಾರೆ, ಬೇರೆ ಕಡೆ ಹಾಕಿದ್ರೆ ಅರ್ಧ ರೇಟಿಗೆ ಕೇಳ್ತಾರೆ ಅಂತ ಬರ್ದಿದೀರ. ರೇಟ್ ವಿಷಯ ಆಮೇಲೆ ನೋಡೋಣ, ಮೊದ್ಲು ಈ ಜಾಹೀರಾತು ಯಾರಿಗೆ ಅನ್ನೋದನ್ನೇ ನೀವು ತೀರ್ಮಾನ ಮಾಡಿಲ್ಲ ಅನ್ಸುತ್ತೆ.

ಮಿಲಿಟರಿ ಕಲೆಕ್ಟರ್‌ಗಳನ್ನ ಬಿಟ್ಬಿಡಿ. ಅವ್ರಿಗೆ ಬೇಕಿರೋದು 24 ವೋಲ್ಟ್ ವೈರಿಂಗ್, ಸರಿಯಾದ ಹಸಿರು ಬಣ್ಣ, ಒರಿಜಿನಲ್ ಸೀಟು, ಬೋಲ್ಟ್ ಸಮೇತ ಅದೇ ಇರ್ಬೇಕು. ನಿಮ್ಮ ಗಾಡಿ ಅವ್ರ ಕಣ್ಣಿಗೆ ಹಾಳಾದ ಗಾಡಿ, ಅವ್ರ ಹತ್ರ ವಾದ ಮಾಡಿ ಪ್ರಯೋಜನ ಇಲ್ಲ. ಆದ್ರೆ ಒಂದ್ ವಿಷಯ, ನೀವು ಬಿಚ್ಚಿಟ್ಟಿರೋ ಸಾಮಾನು ಅವ್ರಿಗೇ ಬೇಕು! 230 ಕ್ಯೂಬಿಕ್ ಇಂಚಿನ ಫ್ಲ್ಯಾಟ್‌ಹೆಡ್ ಎಂಜಿನ್ (ವಾಲ್ವ್‌ಗಳು ಬ್ಲಾಕಲ್ಲೇ ಇರೋ ಹಳೇ ವಿನ್ಯಾಸ), ನೀರು ಹೋಗದ ಹಾಗೆ ಸೀಲ್ ಮಾಡಿರೋ ಡಿಸ್ಟ್ರಿಬ್ಯೂಟರ್, 24 ವೋಲ್ಟ್ ಜನರೇಟರ್, 9.00-16 ಟೈರ್ ಹಾಕೋ ಆ ವ್ಹೀಲ್‌ಗಳು, ಕ್ಯಾನ್ವಾಸ್ ಹೊದಿಸೋ ಬಿಲ್ಲಿನಾಕಾರದ ಕಮಾನುಗಳು, ಇವೆಲ್ಲ ಇದ್ರೆ ಗಾಡಿ ಜೊತೆ ಪುಕ್ಕಟೆ ಕೊಡ್ಬೇಡಿ. ಹಾಟ್ ರಾಡ್ ತಗೊಳ್ಳೋನಿಗೆ ಅದು ಜಾಗ ತಿನ್ನೋ ಗುಜರಿ, ರೆಸ್ಟೋರ್ ಮಾಡೋನು ಹುಡುಕ್ಕೊಂಡು ಬಂದು ತಗೋತಾನೆ. ಬೇರೆ ಬೇರೆ ಮಾರಿ. ಡ್ಯಾಶ್ ಮೇಲಿರೋ ಡೇಟಾ ಪ್ಲೇಟ್ (ಗಾಡಿ ನಂಬರ್, ವಿವರ ಇರೋ ತಗಡು) ಮಾತ್ರ ಯಾವ ಕಾರಣಕ್ಕೂ ಕೀಳ್ಬೇಡಿ, ಅದು ಗಾಡಿ ಜೊತೇನೇ ಹೋಗ್ಬೇಕು.

ಇನ್ನೊಂದು, ಜಾಹೀರಾತಲ್ಲಿ ಎರಡನೇ ಮಹಾಯುದ್ಧದ ಟ್ರಕ್ ಅಂತ ಹಾಕಿದೀರಲ್ಲ, ಅದನ್ನ ಇವತ್ತೇ ತೆಗೀರಿ ಸರ್. ಎಂ37 ಬಂದಿದ್ದೇ 1951ರಲ್ಲಿ, ಯುದ್ಧಕಾಲದ್ದು ಡಾಡ್ಜ್‌ನ ಹಿಂದಿನ ಡಬ್ಲ್ಯೂಸಿ ಸರಣಿ. ಈ ಥರ ಗಾಡಿ ನೋಡೋ ಜನಕ್ಕೆ ಇದು ಚೆನ್ನಾಗ್ ಗೊತ್ತಿರತ್ತೆ, ಇದೊಂದು ತಪ್ಪು ಕಂಡ್ರೆ ಮಿಕ್ಕಿದ್ದನ್ನೂ ನಂಬಲ್ಲ. 1953ನೇ ಇಸವಿ, ಕೊರಿಯಾ ಯುದ್ಧ ಮುಗಿದ ವರ್ಷದ್ದು ಅಂತ ಹಾಕಿ, ಅಷ್ಟು ಸಾಕು. ಗಾಡಿ ಅಲ್ಲಿಗೆ ಹೋಗಿತ್ತು ಅಂತ ಕಾಗದ ಇಲ್ದೆ ಹೇಳೋಕ್ ಹೋಗ್ಬೇಡಿ.

ಈಗ ಹಾಟ್ ರಾಡ್ ಕಡೆಯೋರು. ಅವ್ರು ಬೈಯಲ್ಲ ಆದ್ರೆ ಪ್ರಶ್ನೆ ಜಾಸ್ತಿ ಕೇಳ್ತಾರೆ, ನಿಮ್ಮ ಜಾಹೀರಾತಲ್ಲಿ ಬಣ್ಣ, ಸ್ಟೀರಿಯೊ, ಸೀಟಿನ ಲೆದರ್ ಬಗ್ಗೆ ಒಂದ್ ಪೇಜ್ ಇದೆ, ಬ್ರೇಕ್ ಬಗ್ಗೆ ಒಂದ್ ಸಾಲಿಲ್ಲ. ಒರಿಜಿನಲ್ ಗಾಡಿ 78 ಹಾರ್ಸ್‌ಪವರ್, ಗಂಟೆಗೆ 55 ಮೈಲಿ ಓಡೋಕೆ ಮಾಡಿದ್ದು, ನಾಲ್ಕೂ ಕಡೆ ಡ್ರಮ್, ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿಂದು, ಒಂದ್ ಕಡೆ ಲೀಕ್ ಆದ್ರೆ ಪೆಡಲ್ ನೆಲಕ್ಕೆ ಹೋಗತ್ತೆ. ಅದಕ್ಕೆ ವಿ8 ಹಾಕಿ ಬ್ರೇಕ್ ಹಾಗೇ ಬಿಟ್ಟಿದ್ರೆ ಬಲ್ಲವನು ಟೆಸ್ಟ್ ಡ್ರೈವಿಗೂ ಕೂರಲ್ಲ. ಡಿಸ್ಕ್ ಹಾಕ್ಸಿದ್ರೆ, ಡ್ಯುಯಲ್ ಸರ್ಕ್ಯೂಟ್ ಮಾಡ್ಸಿದ್ರೆ ಅದು ಜಾಹೀರಾತಿನ ಮೊದಲನೇ ಸಾಲಲ್ಲಿ ಬರ್ಬೇಕು. ಮಾಡ್ಸಿಲ್ಲ ಅಂದ್ರೆ ಮಾರೋಕ್ ಮುಂಚೆ ದುಡ್ಡು ಹಾಕೋದಾದ್ರೆ ಇದೊಂದಕ್ಕೇ ಹಾಕಿ, ಪಾಲಿಶ್‌ಗಲ್ಲ.

ಆಮೇಲೆ ಆಕ್ಸಲ್. ಎಂ37ರ ರೇಶಿಯೊ 5.83, ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಆಕ್ಸಲ್‌ಗೆ ಬರೋ ಶಾಫ್ಟ್ 5.83 ಸುತ್ತು ತಿರುಗ್ಬೇಕು. ಹಳೇ 34 ಇಂಚಿನ ಟೈರಲ್ಲೇ, ಟಾಪ್ ಗೇರ್ 1:1 ಇದ್ರೆ, 60 ಮೈಲಿ ಸ್ಪೀಡಿಗೆ ಎಂಜಿನ್ ಸುಮಾರು 3,450 ಆರ್‌ಪಿಎಂ ತಿರುಗತ್ತೆ. ನೀವು ಲುಕ್‌ಗೋಸ್ಕರ 28 ಇಂಚಿನ ಟೈರ್ ಹಾಕಿದ್ರೆ ಅದೇ ಸ್ಪೀಡಿಗೆ ಸುಮಾರು 4,200 ಆಗತ್ತೆ. ಹೈವೇಲಿ ಕಿರುಚುತ್ತೆ, ಪೆಟ್ರೋಲ್ ಕುಡಿಯತ್ತೆ, ಮಾತಾಡೋಕಾಗಲ್ಲ. ಹಾಗಾಗಿ ಆಕ್ಸಲ್ ಬದಲಾಯ್ಸಿದೀರಾ, ರೇಶಿಯೊ ಎಷ್ಟು, 4x4 ಇನ್ನೂ ಇದೆಯಾ, ಇಷ್ಟು ಬರೀರಿ. ಬದಲಾಯ್ಸಿಲ್ಲ ಅಂದ್ರೂ ಪರ್ವಾಗಿಲ್ಲ, ಊರೊಳಗೆ ಓಡ್ಸೋ ಗಾಡಿ, ಶೋಗೆ ತಗೊಂಡ್ ಹೋಗೋ ಗಾಡಿ ಅಂತ ನೇರವಾಗಿ ಹಾಕಿ, ಅದಕ್ಕೂ ಗಿರಾಕಿ ಇರ್ತಾರೆ. ಅದೇ ಗಾಡಿನ ಲಾಂಗ್ ಡ್ರೈವ್ ಗಾಡಿ ಅಂತ ಮಾರೋಕ್ ಹೋದ್ರೆ ಟೆಸ್ಟ್ ಡ್ರೈವಲ್ಲೇ ಮಾತುಕತೆ ಮುಗಿಯತ್ತೆ.

ವೈರಿಂಗ್ 12 ವೋಲ್ಟಿಗೆ ಹೇಗೆ ಬದಲಾಯ್ಸಿದೀರ ಅಂತಾನೂ ಹೇಳಿ. ಹಳೇ 24 ವೋಲ್ಟ್ ಮೀಟರ್‌ಗಳು ಡ್ಯಾಶಲ್ಲಿ ಚೆನ್ನಾಗ್ ಕಾಣ್ತಿವೆ, ಕೆಲಸ ಮಾಡ್ತಿವೆಯೋ ಬರೀ ಶೋಗೋ? ರೇಡಿಯೇಟರ್ ಯಾವ್ದು, ಟ್ರಾಫಿಕ್ಕಲ್ಲಿ ನಿಂತಾಗ ಬಿಸಿ ಎಷ್ಟಕ್ಕೆ ಏರತ್ತೆ, ಅದೂ ಕೇಳ್ತಾರೆ.

ಕಾಗದ ಪತ್ರ. ತಲೆನೋವು ಇರೋದೇ ಇಲ್ಲಿ. ಅಮೆರಿಕದಲ್ಲಿ ಅಕ್ಷರ ಅಂಕಿ ಸೇರಿ 17 ಇರೋ ಗಾಡಿ ಗುರುತಿನ ನಂಬರ್ (ವಿಐಎನ್) ಬಂದಿದ್ದು 1981ರ ಮಾಡೆಲ್‌ನಿಂದ, ನಿಮ್ದು ಅದಕ್ಕಿಂತ ಚಿಕ್ಕ ನಂಬರ್, ಅದಕ್ಕೇ ಕೆಲವು ಆನ್‌ಲೈನ್ ಫಾರಂ ತಗೊಳ್ದೇ ಇರ್ಬಹುದು, ಜಾಹೀರಾತಲ್ಲೇ ಒಂದ್ ಸಾಲು ವಿವರಣೆ ಕೊಟ್ಬಿಡಿ. ಚಾಸಿಸ್ ಮೇಲೆ ಕೆತ್ತಿರೋ ನಂಬರ್, ಡೇಟಾ ಪ್ಲೇಟ್, ಕಾಗದ, ಮೂರೂ ಒಂದೇನಾ ನೋಡಿ. ಹಳೇ ಕಾಗದಗಳಲ್ಲಿ ಎಂಜಿನ್ ನಂಬರನ್ನೇ ಗಾಡಿ ಗುರುತಾಗಿ ಬರೆದಿರೋದೂ ಉಂಟು, ಹಾಗಿದ್ರೆ ನೀವು ಎಂಜಿನ್ ಇಳಿಸಿದ ದಿನವೇ ಗುರುತು ಹೋಯ್ತು, ಮೊದ್ಲು ಅದನ್ನ ಸರಿ ಮಾಡ್ಸಿ. ಅದಕ್ಕಿಂತ ದೊಡ್ಡದು, ಬಾಡಿ ಮಾತ್ರ ಎಂ37, ಕೆಳಗಡೆ ಬೇರೆ ಪಿಕಪ್ ಚಾಸಿಸ್ ಏನಾದ್ರೂ ಇದೆಯಾ? ಫೋಟೋದಲ್ಲಿ ಗೊತ್ತಾಗ್ಲಿಲ್ಲ. ಇದ್ರೆ ದಯವಿಟ್ಟು ಮುಚ್ಚಿಡ್ಬೇಡಿ, ಕಾನೂನಿನ ಪ್ರಕಾರ ಅದು ಯಾವ ಗಾಡಿ ಅನ್ನೋ ಪ್ರಶ್ನೆನೇ ಬೇರೆ ಆಗತ್ತೆ, ಮಾರಿದ ಮೇಲೆ ಗೊತ್ತಾದ್ರೆ ಗಾಡಿ ವಾಪಸ್ ಬರತ್ತೆ, ಜೊತೆಗೆ ವಕೀಲರ ನೋಟಿಸೂ ಬರತ್ತೆ.

ಫೋಟೋ ಬಗ್ಗೆ ಸಣ್ಣದಾಗಿ. ಸಂಜೆ ಬಿಸಿಲಲ್ಲಿ ತೆಗ್ದಿರೋವು ಮೂರು ಸಾಕು. ಅಡಿಯಲ್ಲಿ ಮಲಗಿ ವೆಲ್ಡಿಂಗ್, ಎಂಜಿನ್ ಮೌಂಟ್, ಸ್ಟೀರಿಂಗ್ ಜೋಡಣೆ, ತುಕ್ಕು ಇರೋ ಜಾಗ ಎಲ್ಲ ತೆಗೀರಿ. ಕೆಲಸ ನಡೀತಿದ್ದಾಗಿನ ಫೋಟೋ ಇದ್ರೆ ಅದು ಬಂಗಾರ. ರಾತ್ರಿಯೆಲ್ಲ ನಿಂತಿದ್ದ ಗಾಡಿನ ಬೆಳಿಗ್ಗೆ ಸ್ಟಾರ್ಟ್ ಮಾಡೋ ವಿಡಿಯೊ, ಕಟ್ ಇಲ್ದೆ.

ರೇಟ್. ನೀವು ಖರ್ಚು ಮಾಡಿದ್ದು ವಾಪಸ್ ಬರಲ್ಲ ಸರ್, ಬೇಜಾರಾಗ್ಬೇಡಿ. ತಗೊಳ್ಳೋನಿಗೆ ನಿಮ್ಮ ರುಚಿ ಇರಲ್ಲ, ಅವನು ಬಂದ ದಿನಾನೇ ಆ ಸ್ಟೀರಿಂಗ್ ವ್ಹೀಲ್ ಬದಲಾಯ್ಸೋ ಲೆಕ್ಕ ಹಾಕ್ತಿರ್ತಾನೆ. ಜನ ಕೇಳ್ತಿರೋ ರೇಟ್ ನೋಡ್ಬೇಡಿ, ಹರಾಜು ಮುಗಿದು ನಿಜವಾಗ್ಲೂ ಸೇಲಾದ ರೇಟ್ ನೋಡಿ, ಅದೂ ವಿ8 ಹಾಕಿರೋ ಗಾಡಿಗಳದ್ದು, ಒರಿಜಿನಲ್‌ಗಳದ್ದಲ್ಲ. ಇದು ನಾಲ್ಕ್ ಜನಕ್ಕೆ ಮಾತ್ರ ಬೇಕಾದ ಗಾಡಿ, ಆ ನಾಲ್ಕ್ ಜನ ಕಣ್ಣಿಗೆ ಬೀಳೋವರೆಗೂ ಕಾಯ್ಬೇಕು, ತಿಂಗಳಿಗೊಂದ್ಸಲ ರೇಟ್ ಇಳಿಸ್ತಾ ಹೋದ್ರೆ ಏನೋ ಐಬಿದೆ ಅನ್ಕೋತಾರೆ.

ಗಾಡಿ ನೋಡ್ದೇನೇ ಪೂರ್ತಿ ದುಡ್ಡು ಕೊಡ್ತೀನಿ, ನಮ್ಮ ಏಜೆಂಟ್ ಬಂದು ತಗೊಂಡ್ ಹೋಗ್ತಾನೆ, ಚೆಕ್ಕಲ್ಲಿ ಜಾಸ್ತಿ ಬರ್ದಿದೀನಿ ಉಳಿದಿದ್ದನ್ನ ಅವನಿಗೆ ಕೊಡಿ ಅನ್ನೋರಿಗೆ ಉತ್ತರಾನೇ ಕೊಡ್ಬೇಡಿ. ದುಡ್ಡು ಅಕೌಂಟಿಗೆ ಬಂದು ಬ್ಯಾಂಕಿನೋರೇ ಕ್ಲಿಯರ್ ಆಗಿದೆ ಅಂದ್ಮೇಲೆ ಕೀ ಮತ್ತೆ ಕಾಗದ. ಟೆಸ್ಟ್ ಡ್ರೈವಿಗೆ ಲೈಸೆನ್ಸ್, ಇನ್ಶೂರೆನ್ಸ್ ನೋಡಿ, ಮೊದಲ ರೌಂಡ್ ನೀವೇ ಓಡ್ಸಿ ತೋರ್ಸಿ.

ಹಾಂ, ಗಾಡಿನ ಒಂದ್ಸಲ ತೂಕ ಹಾಕ್ಸಿ. ಒರಿಜಿನಲ್ ಖಾಲಿ ಎಂ37 ಎರಡೂವರೆ ಟನ್‌ಗಿಂತ ಸ್ವಲ್ಪ ಮೇಲೆ, ನಿಮ್ದು ಈಗ ಎಷ್ಟಿದೆಯೋ. ದೂರದಿಂದ ಬರೋನು ಟ್ರೇಲರ್ ಗೊತ್ತು ಮಾಡೋಕೆ ಮೊದ್ಲು ಕೇಳೋದೇ ತೂಕ ಮತ್ತೆ ಎತ್ತರ, ಎರಡನ್ನೂ ಜಾಹೀರಾತಿಗೆ ಸೇರ್ಸಿ.