ಮ್ಯಾಚ್ ಶುರುವಾಗೋಕೆ ಮುಂಚೆ ನ್ಯೂಜಿಲೆಂಡ್ ರಗ್ಬಿ ಟೀಮ್‌ನವರು ಯಾಕೆ ಹಾಗೆ ಕೂಗಾಡ್ಕೊಂಡು ಕುಣೀತಾರೆ?
ಅದು ಸುಮ್ನೆ ಕುಣಿತ ಅಲ್ಲ, ಹಾಕಾ ಅಂತ, ಅಲ್ಲಿನ ಮೂಲನಿವಾಸಿ ಮಾವೋರಿ ಜನರ ಸಂಪ್ರದಾಯ. ಆಲ್ ಬ್ಲಾಕ್ಸ್ (ಈ ಟೀಮ್‌ಗೆ ಇರೋ ಹೆಸರು) ಜಾಸ್ತಿ ಮಾಡೋದು 'ಕಾ ಮಾತೆ' ಅನ್ನೋ ಹಾಕಾನ. ಸುಮಾರು 1820ರಲ್ಲಿ ನ್ಗಾತಿ ತೋವಾ ಬುಡಕಟ್ಟಿನ ನಾಯಕ ತೆ ರೌಪರಾಹಾ ಶತ್ರುಗಳಿಂದ ತಪ್ಪಿಸ್ಕೊಂಡು ಗೆಣಸು ಇಡೋ ಗುಂಡಿಲಿ ಅಡಗಿ ಕೂತು, ಜೀವ ಉಳೀತಲ್ಲ ಅಂತ ಮೇಲೆ ಬಂದು ಕಟ್ಟಿದ್ದು ಅಂತಾರೆ, ಅಂದ್ರೆ ಅದು ಮೂಲತಃ ಯುದ್ಧದ ಕೂಗಲ್ಲ, ಬದುಕಿ ಬಂದ ಖುಷಿದು.

1905ರಲ್ಲಿ ಬ್ರಿಟನ್ ಟೂರ್‌ಗೆ ಹೋದಾಗ ಇವರು ಸಿಕ್ಕಸಿಕ್ಕವರನ್ನೆಲ್ಲ ಸೋಲಿಸಿ ವೇಲ್ಸ್ ಹತ್ರ ಮಾತ್ರ 3-0 ಸೋತ್ರು, ಅವತ್ತು ಹಾಕಾಗೆ ಉತ್ತರವಾಗಿ ವೇಲ್ಸ್‌ನವರು ಅವರ ನಾಡಗೀತೆ ಹಾಡಿದ್ರು.

ಆದ್ರೆ ಈಗ ನೋಡೋ ಜೋರು ಮೊದಲಿಂದ ಇರ್ಲಿಲ್ಲ. 70ರ ದಶಕದ ವಿಡಿಯೋ ನೋಡಿ, ಒಬ್ಬನ ಕೈ ಒಂದು ಕಡೆ ಇನ್ನೊಬ್ಬನದು ಇನ್ನೊಂದು ಕಡೆ, ಸ್ಕೂಲ್ ಡೇಲಿ ಸ್ಟೆಪ್ ಮರೆತ ಮಕ್ಕಳ ಥರ, ನಗು ಬರತ್ತೆ. 1987ರ ಹೊತ್ತಿಗೆ ಬಕ್ ಶೆಲ್ಫರ್ಡ್ ಅನ್ನೋ ಆಟಗಾರ, ಇವರೂ ಮಾವೋರಿ, ಮಾಡಿದ್ರೆ ಸರಿಯಾಗಿ ಮಾಡೋಣ ಇಲ್ಲಾಂದ್ರೆ ಬೇಡ ಅಂತ ಹಠ ಹಿಡಿದು ಎಲ್ಲರಿಗೂ ಕಲಿಸೋ ವ್ಯವಸ್ಥೆ ಮಾಡಿದ್ರು, ಮಂಡಿ ಬಗ್ಗಿಸಿ ತೊಡೆ ತಟ್ಟಿ ಕಣ್ಣು ಅರಳಿಸೋದು ಎಲ್ಲ. ಅದೇ ವರ್ಷ ಮೊದಲ ವರ್ಲ್ಡ್ ಕಪ್ಪೂ ಗೆದ್ರು, ಆಮೇಲೆ 2011, 2015.

2005ರಲ್ಲಿ ತಂಡಕ್ಕೇ ಅಂತ 'ಕಾಪಾ ಓ ಪಾಂಗೋ' ಅನ್ನೋ ಹೊಸ ಹಾಕಾ ಬಂತು, ನನಗಂತೂ ಹಳೇದೇ ಇಷ್ಟ. ಹಾಕಾ ನಡೀವಾಗ ಎದುರು ಟೀಮ್ ಮೈದಾನದ ಮಧ್ಯದ ಗೆರೆ ದಾಟೋ ಹಾಗಿಲ್ಲ, 2011ರ ಫೈನಲ್‌ನಲ್ಲಿ ಫ್ರಾನ್ಸ್‌ನವರು ಕೈಕೈ ಹಿಡ್ಕೊಂಡು ಬಾಣದಾಕಾರದಲ್ಲಿ ಮುಂದೆ ಬಂದು ಆ ಗೆರೆ ದಾಟಿದ್ದಕ್ಕೆ ಫೈನ್ ಬೇರೆ ಬಿತ್ತು, ಮ್ಯಾಚೂ 8-7ಕ್ಕೆ ಹೋಯ್ತು ಪಾಪ.