ಎಂಟು ವರ್ಷದ ಬೇಟೆನಾಯಿಯ ವಯಸ್ಸೆಷ್ಟು?

(ಸಂಪಾದಕರ ಉತ್ತರ)

ಮಾನ್ಯರೇ,

ಮುಧೋಳ ತಾಲ್ಲೂಕಿನಿಂದ ತಾವು ಬರೆದ ಎರಡು ಪುಟಗಳ ಪತ್ರ ತಲುಪಿದೆ. ತಮ್ಮ ಮನೆಯ ಮುಧೋಳ ನಾಯಿಗೆ ಎಂಟು ವರ್ಷ ತುಂಬಿದೆ, ಏಳರಿಂದ ಗುಣಿಸಿದರೆ ಅದು ಐವತ್ತಾರರ ಮನುಷ್ಯನಿಗೆ ಸಮ ಎಂದು ತಮ್ಮ ಮಗ ಲೆಕ್ಕ ಹೇಳಿದ್ದಾನೆ; ಆದರೆ ಅಷ್ಟೇ ವಯಸ್ಸಿನ ಪಕ್ಕದ ಮನೆಯ ಪಮೇರಿಯನ್ ಇನ್ನೂ ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಿರುವಾಗ ತಮ್ಮದು ಏಳಲು ತಡಮಾಡುತ್ತದೆ, ಅದರ ಕಣ್ಣು ನೀಲಿಗಟ್ಟಿವೆ, ಹೀಗೇಕೆ ಎಂದು ಕೇಳಿದ್ದೀರಿ. ಹೊಸದಾಗಿ ತಂದ ಎಂಟು ತಿಂಗಳ ಗಂಡುಮರಿ ಕರೆದರೆ ಬಾರದಷ್ಟು ಮೊಂಡಾಗಿದೆ, ಅದಕ್ಕೆ ಬುದ್ಧಿ ಬರುವುದು ಯಾವಾಗ, ಎರಡನ್ನೂ ಬೈಕಿನ ಹಿಂದೆ ಓಡಿಸಬಹುದೇ ಎಂದೂ ವಿಚಾರಿಸಿದ್ದೀರಿ.

ಏಳರ ಮಗ್ಗಿಯನ್ನು ಮೊದಲು ಬದಿಗಿಡೋಣ. ಆ ಲೆಕ್ಕದಂತೆ ಒಂದು ವರ್ಷದ ನಾಯಿ ಏಳು ವರ್ಷದ ಮಗುವಿಗೆ ಸಮವಾಗಬೇಕು. ಆದರೆ ಒಂದು ವರ್ಷದ ಹೆಣ್ಣುನಾಯಿ ಬೆದೆಗೆ ಬಂದು ಮರಿ ಹಾಕಬಲ್ಲದು. ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯಾದಲ್ಲಿ 1910ರಲ್ಲಿ ಹುಟ್ಟಿ 1939ರವರೆಗೆ ಬದುಕಿದ್ದ ಬ್ಲೂಯಿ ಎಂಬ ದನ ಕಾಯುವ ನಾಯಿಗೆ ಇದೇ ಮಗ್ಗಿ ಹಚ್ಚಿದರೆ ಇನ್ನೂರು ದಾಟುತ್ತದೆ.

ತಾವು ಒಕ್ಕಲುತನದವರು. ಸಂತೆಯಲ್ಲಿ ಹೋರಿ ಕೊಳ್ಳುವಾಗ ಹುಟ್ಟಿದ ತಾರೀಖು ಕೇಳುವುದಿಲ್ಲ. ಬಾಯಿ ಬಿಡಿಸಿ, ಹಾಲುಹಲ್ಲೋ, ಎರಡು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಎಂದು ನೋಡುತ್ತೀರಿ. ನಾಯಿಗೂ ಅದೇ ಕಣ್ಣು ಬೇಕು. ಹುಟ್ಟಿದ ಎರಡು ವಾರದೊಳಗೆ ಮರಿ ಕಣ್ಣು ಬಿಡುತ್ತದೆ, ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗಿ ಇಪ್ಪತ್ತೆಂಟಾಗುತ್ತವೆ, ಆರೇಳು ತಿಂಗಳಿಗೆ ಅವೆಲ್ಲ ಉದುರಿ ನಲವತ್ತೆರಡು ಕಾಯಂ ಹಲ್ಲುಗಳು ಬಂದಿರುತ್ತವೆ. ನಮ್ಮ ಮಕ್ಕಳಿಗೆ ಹಾಲುಹಲ್ಲು ಪೂರ್ತಿ ಉದುರುವುದು ಹನ್ನೆರಡರ ಹೊತ್ತಿಗೆ. ಅಂದರೆ ನಾಯಿ ಮೊದಲ ವರ್ಷದಲ್ಲಿ ಬಾಲ್ಯವನ್ನೆಲ್ಲ ಓಡಿಯೇ ಮುಗಿಸಿ, ಆಮೇಲೆ ನಡಿಗೆಗೆ ಇಳಿಯುತ್ತದೆ. ಪಶುವೈದ್ಯರು ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಹದಿನೈದು, ಎರಡನೆಯದಕ್ಕೆ ಒಂಬತ್ತು, ಅಲ್ಲಿಂದ ಮುಂದೆ ವರ್ಷಕ್ಕೆ ನಾಲ್ಕೈದು ಎಂದು ಎಣಿಸುವುದು ಇದೇ ಕಾರಣಕ್ಕೆ. ಈ ಪ್ರಕಾರ ತಮ್ಮ ನಾಯಿ ಐವತ್ತರ ಆಸುಪಾಸಿನಲ್ಲಿದೆ. ತಮ್ಮ ಮಗನ ದಾರಿ ತಪ್ಪಿದರೂ ಊರು ಹತ್ತಿರವೇ ಸಿಕ್ಕಿದೆ!

ಅಮೆರಿಕದ ಸ್ಯಾನ್ ಡಿಯಾಗೊದ ವಿಜ್ಞಾನಿಗಳು 104 ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎ ಮೇಲೆ ವಯಸ್ಸಿನೊಂದಿಗೆ ಬೀಳುವ ರಾಸಾಯನಿಕ ಗುರುತುಗಳನ್ನು ಮನುಷ್ಯರ ಗುರುತುಗಳೊಂದಿಗೆ ಹೋಲಿಸಿ, 2020ರಲ್ಲಿ ಬೇರೊಂದು ಸೂತ್ರ ಪ್ರಕಟಿಸಿದರು. ಅದರಲ್ಲಿ ಒಂದು ವರ್ಷದ ನಾಯಿ ಮೂವತ್ತೊಂದರ ಮನುಷ್ಯನಿಗೆ, ಎಂಟರದ್ದು ಅರವತ್ತನಾಲ್ಕಕ್ಕೆ, ಹನ್ನೆರಡರದ್ದು ಸುಮಾರು ಎಪ್ಪತ್ತೊಂದಕ್ಕೆ ಸಮ. ಆದರೆ ಒಂದೇ ತಳಿಯಿಂದ ತೆಗೆದ ಸೂತ್ರವನ್ನು ತೆಳ್ಳಗಿನ, ಉದ್ದ ಕಾಲಿನ ನಮ್ಮ ಬೇಟೆನಾಯಿಗೆ ಹಾಗೆಯೇ ಹೊಂದಿಸುವುದಕ್ಕೆ ನಾನು ಒಪ್ಪುವುದಿಲ್ಲ.

ಪಮೇರಿಯನ್ ವಿಷಯಕ್ಕೆ ಬಂದರೆ, ಆನೆ ಇಲಿಗಿಂತ ಹೆಚ್ಚು ಕಾಲ ಬಾಳುತ್ತದೆ, ಆದರೆ ನಾಯಿಗಳೊಳಗೆ ಈ ನಿಯಮ ತಿರುವುಮುರುವು. ದೈತ್ಯಗಾತ್ರದ ಗ್ರೇಟ್ ಡೇನ್‌ಗೆ ಹತ್ತು ವರ್ಷವೇ ದೊಡ್ಡದು, ಅಂಗೈಯಗಲದ ಚಿವಾವಾ ಹದಿನೈದು ದಾಟಬಲ್ಲದು. ಎಪ್ಪತ್ನಾಲ್ಕು ತಳಿಗಳನ್ನು ಹೋಲಿಸಿದ 2013ರ ಅಧ್ಯಯನವೊಂದರಲ್ಲಿ ಮೈತೂಕ ಎರಡು ಕೆ.ಜಿ. ಹೆಚ್ಚಿದಂತೆ ಸರಾಸರಿ ಆಯುಸ್ಸು ಒಂದು ತಿಂಗಳಷ್ಟು ತಗ್ಗುವುದು ಕಂಡುಬಂತು. ದೊಡ್ಡ ನಾಯಿಗಳಲ್ಲಿ ಮುಪ್ಪೇ ಬಿರುಸಾಗಿ ಸಾಗುತ್ತದೆ. ತಮ್ಮ ನಾಯಿಗೂ ನೆರೆಮನೆಯದಕ್ಕೂ ಇಪ್ಪತ್ತು ಕೆ.ಜಿ. ಅಂತರವಿದ್ದರೆ, ಈ ಲೆಕ್ಕದಿಂದ ಬರುವ ವ್ಯತ್ಯಾಸ ಹತ್ತು ತಿಂಗಳು ಮಾತ್ರ. ಆದ್ದರಿಂದ ಅದು ಏಳಲಾರದ್ದನ್ನು ಬರೀ ವಯಸ್ಸಿನ ತಲೆಗೆ ಕಟ್ಟಬೇಡಿ. ನಮ್ಮ ಮುದ್ರಣಾಲಯದ ಬಾಗಿಲಲ್ಲಿ ಮಲಗುವ ಬೀದಿನಾಯಿಯೂ ಹೀಗೆಯೇ ಮುಂಗಾಲು ಊರಿ, ಒಂದಿಷ್ಟು ಹೊತ್ತು ಹಾಗೇ ನಿಂತು, ಆಮೇಲೆ ಹಿಂಗಾಲು ಎಳೆದುಕೊಂಡು ಏಳುತ್ತಿತ್ತು. ಮುದಿಯಾಯಿತು ಎಂದು ನಾವೆಲ್ಲ ಸುಮ್ಮನಿದ್ದೆವು. ಪಶುವೈದ್ಯರು ಸೊಂಟದ ಕೀಲು ಮುಟ್ಟಿ ನೋಡಿ ಇದು ಸಂಧಿವಾತ ಎಂದರು, ಔಷಧಿ ಬಿದ್ದ ಮೇಲೆ ಅದು ಮತ್ತೆ ಮೆಟ್ಟಿಲು ಹತ್ತಿತು.

ನೀಲಿಗಣ್ಣಿಗೆ ಗಾಬರಿ ಬೇಡ. ಆರೇಳು ವರ್ಷ ದಾಟಿದ ನಾಯಿಗಳಲ್ಲಿ ಕಣ್ಣಿನ ಮಸೂರ ಗಟ್ಟಿಯಾಗುತ್ತ ಹೋಗಿ ಮಬ್ಬು ನೀಲಿಯಾಗಿ ಕಾಣುತ್ತದೆ. ದೃಷ್ಟಿಗೆ ಅಷ್ಟೇನೂ ತೊಂದರೆಯಿಲ್ಲ. ಬಣ್ಣ ಹಾಲಿನಂತೆ ಬೆಳ್ಳಗಾಗಿ, ನಾಯಿ ಹೊಸ್ತಿಲು ಎಡವುತ್ತಿದ್ದರೆ ಅದು ಪೊರೆ ಇರಬಹುದು. ತಮಗೆ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ದೂರವಲ್ಲ; ಈ ತಳಿಯನ್ನೇ ದಿನವೂ ನೋಡುವವರು ಅಲ್ಲಿದ್ದಾರೆ, ಕಣ್ಣು ಕೀಲು ಎರಡನ್ನೂ ತೋರಿಸಿ.

ಗಂಡುಮರಿಯ ಮೊಂಡುತನಕ್ಕೆ ಹೆಸರು ಹರೆಯ. ಎಂಟು ತಿಂಗಳ ನಾಯಿಗಳು ಅಪರಿಚಿತರ ಮಾತಿಗಿಂತ ಸಾಕಿದವರ ಮಾತನ್ನೇ ಹೆಚ್ಚು ಮೀರುತ್ತವೆ ಎಂಬುದನ್ನು 2020ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಹರೆಯದ ಮಕ್ಕಳಿರುವ ಮನೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಅದೇ ಅಧ್ಯಯನದಲ್ಲಿ ವರ್ಷ ತುಂಬಿದ ನಾಯಿಗಳು ಮತ್ತೆ ಮಾತು ಕೇಳತೊಡಗಿದ್ದವು. ಹೊಡೆದರೆ ಕರೆದಾಗ ಬಾರದಿರಲು ಅದಕ್ಕೆ ಇನ್ನೊಂದು ಕಾರಣ ಸಿಕ್ಕಂತಾಗುತ್ತದೆ.

ಬೈಕಿನ ಹಿಂದೆ ಎರಡನ್ನೂ ಓಡಿಸಬೇಡಿ. ಮರಿಯ ಎಲುಬಿನ ತುದಿಗಳು ಇನ್ನೂ ಬಲಿಯುತ್ತಿವೆ, ಹಿರಿಯದರ ಕೀಲು ಸವೆದಿರಬಹುದು. ಹಿರಿಯದಕ್ಕೆ ಬಿಸಿಲೇರುವ ಮೊದಲು ಹೊಲದ ಬದುವಿನ ಮೇಲೆ ಅರ್ಧ ತಾಸು ನಡಿಗೆ ಸಾಕು. ಓಟ ನಿಂತಿತೆಂದು ಕನಿಕರಪಟ್ಟು ರೊಟ್ಟಿ ಹೆಚ್ಚಿಸಲೂ ಬೇಡಿ: ನಲವತ್ತೆಂಟು ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವಮಾನವಿಡೀ ಕಾಲುಭಾಗ ಕಡಿಮೆ ತಿನ್ನಿಸಿದಾಗ ಆ ಗುಂಪು ಸುಮಾರು ಎರಡು ವರ್ಷ ಹೆಚ್ಚು ಬದುಕಿತು, ಅವುಗಳಿಗೆ ಕೀಲುನೋವು ಬಂದದ್ದೂ ತಡವಾಗಿಯೇ.