ತಿಪಟೂರು ಕೊಬ್ಬರಿ ಪೇಟೆಯಾಗಿ ಬೆಳೆದದ್ದು ರೈಲಿನಿಂದಲೇ?

ತಿಪಟೂರು ರೈಲು ಬಂದ ಮೇಲೆ ಹುಟ್ಟಿದ ಊರೇ, ರೈಲು ಬಾರದಿದ್ದರೂ ಅಲ್ಲಿ ಇಷ್ಟು ದೊಡ್ಡ ಕೊಬ್ಬರಿ ಪೇಟೆ ಬೆಳೆಯುತ್ತಿತ್ತೇ ಎಂದು ಕೇಳಿದ್ದೀರಿ. ತೆಂಗಿನ ತೋಟವನ್ನೇ ನಂಬಿದ ಮನೆಯಿಂದ ಬಂದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊರೂ ತೆಂಗೂ ರೈಲಿಗಿಂತ ಹಳೆಯವು. ಆದರೆ ಪೇಟೆ ಹೊನ್ನವಳ್ಳಿಯನ್ನು ಬಿಟ್ಟು ತಿಪಟೂರಿನಲ್ಲಿ ನೆಲೆಯೂರಿದ್ದಕ್ಕೆ ರೈಲೇ ಮುಖ್ಯ ಕಾರಣ.

ಹೊನ್ನವಳ್ಳಿ ಇಂದು ತಿಪಟೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹತ್ತೊಂಬತ್ತನೇ ಶತಮಾನದಲ್ಲಿ ಪರಿಸ್ಥಿತಿ ತಿರುವುಮುರುವಾಗಿತ್ತು. ತಾಲ್ಲೂಕಿಗೆ ಹೊನ್ನವಳ್ಳಿಯ ಹೆಸರೇ ಇತ್ತು, ಕಚೇರಿಯೂ ಅಲ್ಲೇ ಇತ್ತು. ಅಲ್ಲಿನ ತೋಟಗಳಲ್ಲಿ ‘ಗಂಗಾಪಾಣಿ’ ಎಂಬ, ಎಳನೀರು ಬಹಳ ರುಚಿಯಾಗಿರುವ ತೆಂಗಿನ ತಳಿ ಬೆಳೆಯುತ್ತಿತ್ತೆಂದು ಆ ಕಾಲದ ಸರಕಾರಿ ದಾಖಲೆಗಳು ವಿಶೇಷವಾಗಿ ಹೇಳುತ್ತವೆ. ತಾಲ್ಲೂಕು ಕಚೇರಿ ಮುಂದೆ ಹಳಿಯ ಪಕ್ಕದ ತಿಪಟೂರಿಗೆ ಬಂದಿತು, ತಾಲ್ಲೂಕಿನ ಹೆಸರೂ ಬದಲಾಯಿತು.

ಈ ಹಳಿ ಬಂದ ಹಿನ್ನೆಲೆಯಲ್ಲಿ 1876–78ರ ಭೀಕರ ಕ್ಷಾಮವಿದೆ. ಮದ್ರಾಸಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಬೇಗ ಸಾಗಿಸುವ ಸಾಧನವೇ ಇರಲಿಲ್ಲ. 1881ರಲ್ಲಿ ಮೈಸೂರು ರಾಜ್ಯವು ಬ್ರಿಟಿಷರ ಕೈಯಿಂದ ಒಡೆಯರಿಗೆ ಮರಳಿದ ಮೇಲೆ ದಿವಾನ್ ರಂಗಾಚಾರ್ಲು ಅವರು ರೈಲು ಮಾರ್ಗಗಳಿಗೆ ಆದ್ಯತೆ ಕೊಟ್ಟರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ಮಾರ್ಗ ತೆರೆಯಿತು. ಅದನ್ನು ಮುಂದುವರಿಸುವ ಹೊಣೆಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ ವಹಿಸಿಕೊಂಡಿತು. ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರು, ದಾವಣಗೆರೆಗಳನ್ನು ಹಾದು ಹಳಿ 1889ರಲ್ಲಿ ಹರಿಹರ ಮುಟ್ಟಿದಾಗ, ಹುಬ್ಬಳ್ಳಿಯ ಮೂಲಕ ಪುಣೆಯ ಕಡೆಗೂ ದಾರಿಯಾಯಿತು. ಕೊಬ್ಬರಿಯ ಮಟ್ಟಿಗೆ ಮುಖ್ಯವಾದದ್ದು ಉತ್ತರದ ಈ ದಾರಿಯೇ ಎಂಬುದು ನನ್ನ ಎಣಿಕೆ.

ಏಕೆಂದರೆ ನಮ್ಮ ಕಡೆಯ ಕೊಬ್ಬರಿ ಗಾಣಕ್ಕಾಗಿ ಮಾಡಿದ್ದಲ್ಲ. ಕೇರಳದಲ್ಲಿ ಕಾಯಿಯನ್ನು ಹೋಳು ಮಾಡಿ ಒಣಗಿಸಿ ಎಣ್ಣೆ ತೆಗೆಯುವುದು ವಾಡಿಕೆ. ತಿಪಟೂರು ಸೀಮೆಯದು ಉಂಡೆ ಕೊಬ್ಬರಿ, ಅಂದರೆ ಗಿಟುಕು. ಚೆನ್ನಾಗಿ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದಾಗ ಒಳಗೆ ಗಡಗಡ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಗಿಟುಕಿಗೆ ಪೆಟ್ಟಾಗದಂತೆ ಚಿಪ್ಪು ಒಡೆಯಬೇಕು. ಅದಕ್ಕೆ ಪಳಗಿದ ಕೈ ಬೇಕು; ಒಡೆದ ಕೊಬ್ಬರಿಗೆ ಬೆಲೆ ಕಡಿಮೆ, ಕೌಟು ಹಿಡಿದದ್ದಕ್ಕೆ ಇನ್ನೂ ಕಡಿಮೆ. ಹೀಗೆ ತಯಾರಾದ ಸರಕು ಹಗುರ, ಬೇಗ ಕೆಡುವುದಿಲ್ಲ, ಬಹಳ ದೂರದ ಪ್ರಯಾಣವನ್ನು ತಾಳುತ್ತದೆ. ಕೊಳ್ಳುವವರಾದರೋ ಮದುವೆಗೂ ಪೂಜೆಗೂ ಹಬ್ಬಕ್ಕೂ ಇಡೀ ಕೊಬ್ಬರಿಯನ್ನು ಬಯಸುವ ಉತ್ತರ ಭಾರತದವರು. ದೂರದ ಗಿರಾಕಿ, ಕೆಡದ ಸರಕು ಇವೆರಡೂ ಇರುವಲ್ಲಿ ರೈಲು ನಿಲ್ದಾಣದ ಪಕ್ಕದ ಮಂಡಿಗೆ ಎಂಥ ಅನುಕೂಲವಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೂ ರೈಲು ನಿಂತ ಮಾತ್ರಕ್ಕೆ ಊರು ಪೇಟೆಯಾಗುವುದಿಲ್ಲ. ನೆರೆಯ ಅರಸೀಕೆರೆಯ ಸುತ್ತಲೂ ತೆಂಗೇ ಇದೆ. ಹಾಸನ, ಮೈಸೂರುಗಳ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಎಂಬ ಹೆಚ್ಚುಗಾರಿಕೆಯೂ ಅದಕ್ಕಿದೆ. ಅಲ್ಲಿ ಕೊಬ್ಬರಿ ವ್ಯಾಪಾರ ಇಲ್ಲವೆಂದಲ್ಲ, ಆದರೆ ದರ ಕೇಳುವವರು ಇಂದಿಗೂ ತಿಪಟೂರಿನ ದರವನ್ನೇ ಕೇಳುತ್ತಾರೆ. ದಲ್ಲಾಳಿ, ರವಾನೆದಾರ, ಹಮಾಲ, ಗೋದಾಮು, ರೈತನಿಗೆ ಮುಂಗಡ ಕೊಡುವ ಮಂಡಿ ಎಲ್ಲವೂ ಒಂದೆಡೆ ಕೂಡಿದ ಮೇಲೆ ಪೇಟೆಯನ್ನು ಕದಲಿಸುವುದು ಕಷ್ಟ. ಆ ಮುಂಗಡವೇ ಎಷ್ಟೋ ರೈತರನ್ನು ಒಂದೇ ಮಂಡಿಗೆ ಕಟ್ಟಿಹಾಕಿತು ಎಂಬುದನ್ನೂ ಹೇಳಬೇಕು. ಪೇಟೆ ಬೆಳೆದದ್ದರಲ್ಲಿ ರೈತನ ಪಾಲು ಯಾವಾಗಲೂ ನ್ಯಾಯವಾಗಿರಲಿಲ್ಲ. ಕೃಷಿ ಮಾರುಕಟ್ಟೆ ಸಮಿತಿಯ ಪ್ರಾಂಗಣ, ಟೆಂಡರು, ಈಗ ಆನ್‌ಲೈನ್ ಬಿಡ್ಡು ಬಂದ ಮೇಲೆ ತೂಕ ಮತ್ತು ದರದ ವಿಷಯದಲ್ಲಿ ಪಾರದರ್ಶಕತೆ ಹೆಚ್ಚಿದೆ. ತೆಂಗಿನಪುಡಿಯ ಕಾರ್ಖಾನೆಗಳು, ನಾರಿನ ಘಟಕಗಳು, ಚಿಪ್ಪಿನ ಇದ್ದಿಲಿನ ಉದ್ಯಮ ಈ ಪೇಟೆಯ ಸುತ್ತ ಬೆಳೆದವು. 1962ರಲ್ಲಿ ಆರಂಭವಾದ ಕಲ್ಪತರು ಕಾಲೇಜು ತನ್ನ ಹೆಸರನ್ನೇ ತೆಂಗಿನಿಂದ ಪಡೆದಿದೆ.

ಈಗಲೂ ರೈಲೇ ಕೊಬ್ಬರಿ ಸಾಗಿಸುತ್ತದೆಯೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ಇಲ್ಲ, ಮಂಡಿಯ ಬಾಗಿಲಿನಲ್ಲೇ ಲೋಡಾಗಿ ದಿಲ್ಲಿಯ ಗೋದಾಮಿನ ಬಾಗಿಲಿನಲ್ಲೇ ಇಳಿಸುವ ಲಾರಿಗೆ ಆ ಕೆಲಸ ಹೋಗಿದೆ. ಮೀಟರ್ ಗೇಜ್ ಬ್ರಾಡ್‌ಗೇಜ್ ಆಯಿತು, ರೈಲುಗಳು ಹೆಚ್ಚಿದವು, ಆದರೆ ನಿಲ್ದಾಣದಲ್ಲಿ ಇಳಿದು ಹತ್ತುವವರಲ್ಲಿ ಹೆಚ್ಚಿನವರು ಬೆಂಗಳೂರಿಗೆ ಓಡಾಡುವ ನೌಕರರು ಮತ್ತು ವಿದ್ಯಾರ್ಥಿಗಳು. ಊರಿನ ಏಳುಬೀಳು ಮಾತ್ರ ಕೊಬ್ಬರಿಯ ದರವನ್ನೇ ಹಿಡಿದು ನಡೆಯುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ಬೆಂಬಲ ಬೆಲೆಗೆ ಕೊಳ್ಳುವ ಸಹಕಾರ ಸಂಸ್ಥೆಯಾದ ನಾಫೆಡ್‌ನ ಖರೀದಿಗಾಗಿ ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದರೆ ಪೇಟೆಯ ದರ ಅದರ ಎರಡು ಪಟ್ಟನ್ನೂ ದಾಟಿತು. ಆ ಏರಿಕೆಗೆ ಇಳುವರಿ ಕುಸಿದದ್ದೂ ಒಂದು ಕಾರಣವಾಗಿದ್ದರಿಂದ, ಅಟ್ಟ ಬರಿದಾಗಿದ್ದ ಅನೇಕ ಮನೆಗಳಿಗೆ ಅದರ ಲಾಭ ಸಿಗಲಿಲ್ಲ.